ಲಗ್ನದ ಮರುದಿನದ ಲೆಕ್ಕ

ಕನ್ನಡ ಸಿನಿಮಾಕ್ಕೆ ಮಾತು ಬಂದದ್ದು 1934ರಲ್ಲಿ. ಆ ವರ್ಷದ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನಾ’ದ ತುಂಬ ರಾವಣ, ಇಂದ್ರಜಿತು, ರಾಮ, ಲಕ್ಷ್ಮಣರು. ಅದರ ಬೆನ್ನಿಗೇ ಬಂದ ‘ಭಕ್ತ ಧ್ರುವ’ದಲ್ಲಿ ನಾರಾಯಣ ಪ್ರತ್ಯಕ್ಷನಾದ. ಮರುವರ್ಷ ‘ಸದಾರಮೆ’, ಕಂಪನಿ ನಾಟಕದಿಂದ ಎದ್ದು ಬಂದ ರಾಜರಾಣಿಯರ ಕತೆ. ನಂತರ 1936ರಲ್ಲಿ ‘ಸಂಸಾರ ನೌಕೆ’ ಬಂತು. ಅಲ್ಲಿ ದೇವರೂ ಇರಲಿಲ್ಲ, ಕಿರೀಟವೂ ಇರಲಿಲ್ಲ. ಈಗಷ್ಟೇ ಮದುವೆಯಾದ ಇಬ್ಬರು, ಅವರ ಕೈಯಲ್ಲಿಲ್ಲದ ದುಡ್ಡು, ಅಷ್ಟೇ. ಕನ್ನಡದ ಮೊದಲ ಸಾಮಾಜಿಕ ಚಿತ್ರ ಎಂದು ಚರಿತ್ರೆಕಾರರು ಹೆಸರಿಸುವುದು ಇದನ್ನೇ.

ಕತೆ ಹೇಳಲು ಹೆಚ್ಚು ಹೊತ್ತು ಬೇಡ. ಸುಂದರ ಎಂಬ ತರುಣ ಸರಳೆ ಎಂಬ ಹುಡುಗಿಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಅಜ್ಜ ದೀಕ್ಷಿತರಿಗೆ ಇದು ಒಪ್ಪಿಗೆಯಿಲ್ಲ. ಮೊಮ್ಮಗನಿಗೆ ಅವರು ಬೇರೆಯೇ ಸಂಬಂಧ ನೋಡಿಟ್ಟಿದ್ದರು. ಮನೆಯ ಆಸರೆ ತಪ್ಪುತ್ತದೆ. ದಂಪತಿ ಸ್ವಂತ ಬಲದ ಮೇಲೆ ನಿಲ್ಲಬೇಕಾಗುತ್ತದೆ, ಇದ್ದ ಕೆಲಸವೂ ಹೋಗುತ್ತದೆ, ಸಾಲದ್ದಕ್ಕೆ ಸುಂದರನ ತಲೆಗೆ ಕೊಲೆಯ ಆರೋಪ ಕಟ್ಟಿಕೊಳ್ಳುತ್ತದೆ. ಕೊನೆಗೆ ಮೋಡ ಸರಿದು ಅಜ್ಜ ಮೊಮ್ಮಗ ಒಂದಾಗುತ್ತಾರೆ. ಇಂದಿನ ಧಾರಾವಾಹಿ ನೋಡುವವರಿಗೆ ಇದರಲ್ಲಿ ಹೊಸದೇನೂ ಕಾಣಿಸಲಿಕ್ಕಿಲ್ಲ. ಆದರೆ ಆ ಧಾರಾವಾಹಿಗಳ ಅಜ್ಜಿ ಮುತ್ತಜ್ಜಿಯೆಲ್ಲ ಈ ಚಿತ್ರವೇ.

ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಮುಂದೆ 1954ರಲ್ಲಿ ‘ಬೇಡರ ಕಣ್ಣಪ್ಪ’ ತೆಗೆದು ರಾಜ್‌ಕುಮಾರ್ ಅವರನ್ನು ನಾಯಕನಾಗಿ ತೆರೆಗೆ ತಂದವರು ಇವರೇ. ‘ಸಂಸಾರ ನೌಕೆ’ ಮೊದಲು ಅವರ ನಾಟಕವಾಗಿತ್ತು. ಮಹಮ್ಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿ ಅದನ್ನು ರಂಗದ ಮೇಲೆ ಆಡುತ್ತಿತ್ತು. ಸುಂದರನಾದವರು ಬಿ.ಆರ್. ಪಂತುಲು, ಸರಳೆಯಾದವರು ಎಂ.ವಿ. ರಾಜಮ್ಮ, ಅಜ್ಜ ದೀಕ್ಷಿತರಾದವರು ಡಿಕ್ಕಿ ಮಾಧವರಾವ್. ತೆರೆಯ ಮೇಲೆ ಬಿಡಿಗಾಸಿಲ್ಲದೆ ಅಲೆದ ಆ ನವವಧು ನಿಜ ಜೀವನದಲ್ಲಿ ಏಳೇ ವರ್ಷಕ್ಕೆ, 1943ರಲ್ಲಿ, ‘ರಾಧಾರಮಣ’ಕ್ಕೆ ಬಂಡವಾಳ ಹಾಕಿ ಕನ್ನಡದ ಮೊದಲ ನಿರ್ಮಾಪಕಿ ಎನಿಸಿಕೊಂಡರು. ಚಿತ್ರದ ಸರಳೆಗಿಂತ ರಾಜಮ್ಮನವರ ಈ ಕತೆಯೇ ಹೆಚ್ಚು ರೋಚಕ. ಅದನ್ನು ಯಾರೂ ಸಿನಿಮಾ ಮಾಡಲಿಲ್ಲ.

ಆ ಕಾಲದ ಪ್ರೇಕ್ಷಕರಿಗೆ ‘ಸಂಸಾರ ನೌಕೆ’ ಏಕೆ ತಟ್ಟಿತು ಎಂದು ತಿಳಿಯಬೇಕಾದರೆ ದೀಕ್ಷಿತರ ಸಿಟ್ಟನ್ನು ಬಿಟ್ಟು ಅವರ ತಿಜೋರಿಯತ್ತ ನೋಡಬೇಕು. ಮಿತಾಕ್ಷರ ನ್ಯಾಯದಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೂ ಮೊಮ್ಮಗನಿಗೂ ಹುಟ್ಟಿನಿಂದಲೇ ಪಾಲು ಬರುತ್ತದೆ. ಸ್ವಯಾರ್ಜಿತಕ್ಕೆ ಮಾತ್ರ ಹಿರಿಯನೇ ದಣಿ. ಕಾಗದದ ಮೇಲೆ ಇಷ್ಟು ಸ್ಪಷ್ಟ. ಆದರೆ ಹೆಂಡತಿಯ ಕೈಹಿಡಿದು ಬೀದಿಗೆ ಬಂದ ಇಪ್ಪತ್ತರ ಹುಡುಗ ಅಜ್ಜನ ಮೇಲೆ ದಾವೆ ಹೂಡುವುದುಂಟೆ? ವಕೀಲರಿಗೆ ಕೊಡಲು ಅವನ ಬಳಿ ಏನಿದೆ? ಕಾನೂನು ಕೊಟ್ಟ ಹಕ್ಕು ಮನೆಯ ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಚಿತ್ರಕ್ಕೆ ಮೂರು ವರ್ಷ ಮುಂಚೆ, 1933ರಲ್ಲಿ, ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆ ಬಂದಿತ್ತು. ಹೆಂಗಸರ ಆಸ್ತಿ ಹಕ್ಕಿನ ಮಾತು ಮನೆಮನೆಯಲ್ಲಿ ಎದ್ದಿದ್ದ ಕಾಲ ಅದು. ಯಾರ ಜೊತೆ ಬಾಳಬೇಕು ಎಂಬುದನ್ನು ಯಾರ ಸೊಂಟದಲ್ಲಿ ಬೀಗದ ಕೈ ಇದೆಯೋ ಅವರೇ ತೀರ್ಮಾನಿಸುವುದು ಸರಿಯೇ ಎಂದು ಚಿತ್ರ ಕೇಳಿದಾಗ ಸಭಾಂಗಣದಲ್ಲಿ ಕೂತಿದ್ದ ಎಷ್ಟೋ ಜನರಿಗೆ ಅದು ತಮ್ಮದೇ ಮನೆಯ ಜಗಳವಾಗಿತ್ತು.

ಈ ಕತೆಯನ್ನು ಮಹಾರಾಷ್ಟ್ರದ ಜತ್ತ ತಾಲೂಕಿನ ಗಡಿಯಲ್ಲಿ ನಿಂತು ನೋಡಿದರೆ ಇನ್ನೂ ಕೆಲವು ಸಂಗತಿ ಕಾಣುತ್ತವೆ. ಸಾಂಗಲಿ ಜಿಲ್ಲೆಯ ವಿಸ್ತಾರದಲ್ಲಿ ದೊಡ್ಡ ತಾಲೂಕು ಇದು. ಪೂರ್ವಕ್ಕೂ ದಕ್ಷಿಣಕ್ಕೂ ವಿಜಯಪುರ, ಬೆಳಗಾವಿ ಜಿಲ್ಲೆಗಳ ಸೀಮೆ. ಉಮದಿ, ಸಂಖ, ತಿಕ್ಕುಂಡಿ, ಗುಡ್ಡಾಪುರದ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ‘ಸಂಸಾರ ನೌಕೆ’ ಬಂದಾಗ ಇದು ಡಫಳೆ ಮನೆತನದ ಸಂಸ್ಥಾನ, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಇಲ್ಲಿಂದ ಪಶ್ಚಿಮಕ್ಕೆ ಸಾಗಿದರೆ ಸಾಂಗಲಿ, ಅದರಾಚೆ ಕೊಲ್ಹಾಪುರ. ‘ಸತಿ ಸುಲೋಚನಾ’ದ ಚಿತ್ರೀಕರಣ ನಡೆದದ್ದು ಆ ಕೊಲ್ಹಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ಕನ್ನಡ ಸಿನಿಮಾ ತನ್ನ ಮೊದಲ ಮಾತನ್ನು ಮರಾಠಿ ನೆಲದಲ್ಲೇ ಆಡಿತು.

ಮದುವೆ ಮತ್ತು ದುಡ್ಡಿನ ಕತೆಯಲ್ಲೂ ಸಾಂಗಲಿಯ ಮಾತು ಮೊದಲೇ ಬಂದಿತ್ತು, ಅದೂ ಕನ್ನಡ ಸಿನಿಮಾ ಹುಟ್ಟುವುದಕ್ಕೂ ಮುಂಚೆ. ಸಾಂಗಲಿಗೆ ಅಂಟಿಕೊಂಡ ಹರಿಪುರದ ಗೋವಿಂದ ಬಲ್ಲಾಳ ದೇವಲರು 1899ರಲ್ಲಿ ‘ಸಂಗೀತ ಶಾರದಾ’ ನಾಟಕ ಕೊಟ್ಟರು. ಹಣದಾಸೆಗೆ ಬಿದ್ದ ತಂದೆ ಹದಿನಾಲ್ಕರ ಆಸುಪಾಸಿನ ಮಗಳನ್ನು ಮುದುಕನೊಬ್ಬನಿಗೆ ಮದುವೆ ಮಾಡಿಕೊಡಲು ಹೊರಡುವ ಕತೆ. ಮದುವೆಗೆ ಮುಂಚಿನ ದುಡ್ಡಿನ ವ್ಯವಹಾರವನ್ನು ಅಷ್ಟು ನೇರವಾಗಿ ಹೇಳಿದ ನಾಟಕ ನಮ್ಮ ಕಡೆ ಆಗ ಅಪರೂಪ. (1929ರ ಬಾಲ್ಯವಿವಾಹ ಕಾಯಿದೆಗೆ ‘ಶಾರದಾ ಕಾಯಿದೆ’ ಎಂಬ ಹೆಸರು ಈ ನಾಟಕದಿಂದಲೇ ಬಂತು ಎಂದು ನಂಬಿದವರು ಇದ್ದಾರೆ. ಆ ಹೆಸರು ಮಸೂದೆ ಮಂಡಿಸಿದ ಹರಬಿಲಾಸ ಸಾರ್ಡಾ ಅವರದು.)

ಇನ್ನು ಮದುವೆಯಾಗಿ ಮೂರು ದಶಕ ಕಳೆದ ಮೇಲಿನ ದುಡ್ಡಿನ ಕತೆ. ಅದೂ ಇದೇ ಜಿಲ್ಲೆಯ ಮಗನದೇ. ಆಟಪಾಡಿ ತಾಲೂಕಿನ ಶೇಟಫಳೆಯಲ್ಲಿ 1919ರಲ್ಲಿ ಹುಟ್ಟಿದ ಗ.ದಿ. ಮಾಡಗೂಳಕರರನ್ನು ಕನ್ನಡಿಗರು ‘ಗೀತ ರಾಮಾಯಣ’ದಿಂದ ಬಲ್ಲರು. ಅವರು ಬರೆದ, ರಾಜಾ ಪರಾಂಜಪೆ ನಿರ್ದೇಶಿಸಿದ ಮರಾಠಿ ಚಿತ್ರ ‘ಊನ ಪಾವೂಸ’ 1954ರಲ್ಲಿ ಬಂತು. ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ, ಇಬ್ಬರನ್ನೂ ಒಟ್ಟಿಗೆ ಸಾಕಲಾಗದ ಮಕ್ಕಳು. ಇದನ್ನು ಕನ್ನಡಕ್ಕೆ ತಂದವರು ಯಾರು? ಸುಂದರನಾಗಿ ಮನೆ ಬಿಟ್ಟಿದ್ದ ಅದೇ ಬಿ.ಆರ್. ಪಂತುಲು. 1958ರ ‘ಸ್ಕೂಲ್ ಮಾಸ್ಟರ್’ಗೆ ಅವರೇ ನಿರ್ಮಾಪಕ, ನಿರ್ದೇಶಕ, ನಾಯಕ. ಹೆಂಡತಿಯ ಪಾತ್ರದಲ್ಲಿ ಮತ್ತದೇ ಎಂ.ವಿ. ರಾಜಮ್ಮ.

1936ರಲ್ಲಿ ಹಿರಿಯನ ದುಡ್ಡಿಲ್ಲದೆ ಒದ್ದಾಡಿದ ಜೋಡಿ 22 ವರ್ಷದ ನಂತರ ಮಕ್ಕಳ ದುಡ್ಡಿನ ಹಂಗಿಗೆ ಬೀಳುತ್ತದೆ! ಇದ್ದ ಮನೆ ಸಾಲಕ್ಕೆ ಹೋಗುತ್ತದೆ. ಒಬ್ಬ ಮಗ ಅಪ್ಪನನ್ನು, ಇನ್ನೊಬ್ಬ ಅಮ್ಮನನ್ನು ಹಂಚಿಕೊಳ್ಳುತ್ತಾರೆ. ಇದನ್ನು ಉದ್ದೇಶಪೂರ್ವಕ ಜೋಡಣೆ ಎನ್ನಲು ಆಧಾರವಿಲ್ಲ, ನಟರ ಬಾಳಿನ ಕಾಕತಾಳೀಯ ಅಷ್ಟೆ. ಆದರೂ ಎರಡನ್ನೂ ಒಂದರ ಪಕ್ಕ ಒಂದಿಟ್ಟರೆ ಕನ್ನಡ ಮಧ್ಯಮ ವರ್ಗದ ಒಂದು ದಾಂಪತ್ಯದ ಪೂರ್ತಿ ಖರ್ಚುವೆಚ್ಚದ ಪುಸ್ತಕ ಸಿಕ್ಕಂತಾಗುತ್ತದೆ. ‘ಸ್ಕೂಲ್ ಮಾಸ್ಟರ್’ ತಮಿಳು, ಹಿಂದಿ, ಮಲಯಾಳಂ, ತೆಲುಗಿಗೂ ಹೋಯಿತು. 2003ರ ಹಿಂದಿ ‘ಬಾಗ್‌ಬಾನ್’ ನೋಡಿ ಅತ್ತವರೂ ಅತ್ತದ್ದು ಶೇಟಫಳೆಯ ಕವಿ ಹೆಣೆದಂಥದೇ ಸಂಕಟಕ್ಕೆ.

ಈ ಎರಡೂ ಚಿತ್ರಗಳ ಅರ್ಧ ದಾರಿ ಅಪ್ಪಟ ಸತ್ಯ. ಉಳಿದರ್ಧ ಅನುಮಾನಕ್ಕೆ ಎಡೆಮಾಡುತ್ತದೆ.

‘ಸಂಸಾರ ನೌಕೆ’ಯಲ್ಲಿ ಸುಂದರ ಸರಳೆಯರನ್ನು ದಡ ಮುಟ್ಟಿಸುವುದು ಅವರ ದುಡಿಮೆ ಅಲ್ಲ, ಕರಗಿದ ಅಜ್ಜ. ‘ಸ್ಕೂಲ್ ಮಾಸ್ಟರ್’ನಲ್ಲಿ ಮುದಿ ದಂಪತಿಗೆ ಮನೆ ಮರಳಿ ಸಿಗುವುದು ಪೊಲೀಸ್ ಅಧಿಕಾರಿಯಾಗಿ ಬೆಳೆದ ಹಳೆಯ ಶಿಷ್ಯನಿಂದ. ಆ ಪಾತ್ರಕ್ಕೆ ಶಿವಾಜಿ ಗಣೇಶನ್ ಬಂದುಹೋಗುತ್ತಾರೆ. ತೊಂದರೆಯನ್ನು ರೂಪಾಯಿ ಆಣೆಯಲ್ಲಿ ಎಣಿಸಿದ ಚಿತ್ರ ಪರಿಹಾರವನ್ನು ಒಬ್ಬ ದೊಡ್ಡ ಮನುಷ್ಯನ ಮನಸ್ಸಿಗೆ ಬಿಟ್ಟುಬಿಡುತ್ತದೆ. ಪುರಾಣದ ಚಿತ್ರಗಳಿಂದ ದೇವರನ್ನು ಹೊರಗೆ ಕಳಿಸಿ ಸಾಮಾಜಿಕ ಚಿತ್ರ ಮಾಡಿದೆವೆಂದುಕೊಂಡರೆ, ಆತ ಕೋಟು ಹಾಕಿಕೊಂಡು ಕೊನೆಯ ರೀಲಿಗೆ ಹಿಂದಿನ ಬಾಗಿಲಿನಿಂದ ಬಂದಿದ್ದಾನೆ.

ಇದು ನಮ್ಮವರೊಬ್ಬರದೇ ದೌರ್ಬಲ್ಯವಲ್ಲ. ಹಾಲಿವುಡ್‌ನ ಕಿಂಗ್ ವಿಡೋರ್ 1928ರಲ್ಲಿ ‘ದಿ ಕ್ರೌಡ್’ ಎಂಬ ಮೂಕಿ ಚಿತ್ರ ಮಾಡಿದರು. ನ್ಯೂಯಾರ್ಕಿನ ಗುಮಾಸ್ತ ಜಾನ್, ಅವನ ಹೊಸ ಹೆಂಡತಿ ಮೇರಿ. ಇಕ್ಕಟ್ಟಾದ ಮನೆಯಲ್ಲಿ ಗೋಡೆಯೊಳಗೆ ಮಡಚಿಡುವ ಮಂಚ, ಬಾಗಿಲು ಹಾಕಿದರೆ ಏನಾದರೊಂದು ಕೆಡುವ ಸಂಸಾರ, ಏರದ ಸಂಬಳ. ಇಂಥ ಜೋಡಿಗೆ ಯಾವ ಕೊನೆ ಕೊಡುವುದು ಎಂದು ಸ್ಟುಡಿಯೋಗೆ ಚಿಂತೆ ಹತ್ತಿತು. ಏಳು ಬಗೆಯ ಅಂತ್ಯ ತೆಗೆಯಬೇಕಾಯಿತೆಂದು ವಿಡೋರ್ ಆಮೇಲೆ ನೆನೆದರು. ಕೊನೆಗೆ ಚಿತ್ರಮಂದಿರಗಳಿಗೆ ಎರಡು ಅಂತ್ಯ ಹೋದವು, ಬೇಕಾದ್ದನ್ನು ತೋರಿಸಿಕೊಳ್ಳಿ ಎಂದು. ಒಂದರಲ್ಲಿ ಕುಟುಂಬ ಸಿರಿವಂತವಾಗಿ ಕ್ರಿಸ್‌ಮಸ್ ಮರದ ಸುತ್ತ ಸೇರುತ್ತದೆ. ವಿಡೋರ್ ಮೆಚ್ಚಿದ ಇನ್ನೊಂದರಲ್ಲಿ ಗಂಡ ಹೆಂಡತಿ ನಾಟಕಶಾಲೆಯ ಗುಂಪಿನ ನಡುವೆ ಕೂತು ವಿದೂಷಕನನ್ನು ನೋಡಿ ನಗುತ್ತಿರುತ್ತಾರೆ. ಬಡತನ ಎಲ್ಲಿಗೂ ಹೋಗಿಲ್ಲ, ನಗುವೂ ಹೋಗಿಲ್ಲ. ಜನ ನೆನಪಿಟ್ಟುಕೊಂಡದ್ದು ಈ ಎರಡನೆಯದನ್ನು.

ಸತ್ಯಜಿತ್ ರಾಯ್ 1959ರ ‘ಅಪುರ್ ಸಂಸಾರ್’ನಲ್ಲಿ ಇನ್ನೂ ಸೂಕ್ಷ್ಮವಾಗಿ ಮುಟ್ಟಿದ ಜಾಗವೊಂದಿದೆ. ಕಲ್ಕತ್ತೆಯ ರೈಲು ಹಳಿಯ ಪಕ್ಕದ ತಾರಸಿ ಕೋಣೆಗೆ ಅಪರ್ಣಾ ವಧುವಾಗಿ ಬರುತ್ತಾಳೆ. ಹರಿದ ಪರದೆ ನೋಡಿ ಒಮ್ಮೆ ಅತ್ತು, ಕಣ್ಣೊರೆಸಿಕೊಳ್ಳುತ್ತಾಳೆ. ಹೆಂಡತಿ ಒಲೆಯ ಮುಂದೆ ದಣಿಯುವುದನ್ನು ನೋಡಲಾರದ ಅಪು, ಇನ್ನೊಂದು ಮನೆಪಾಠ ಹಿಡಿದು ಕೆಲಸದವಳನ್ನು ಇಡೋಣವೇ ಎನ್ನುತ್ತಾನೆ. ಈಗಿರುವ ಪಾಠವನ್ನೂ ಬಿಟ್ಟರೆ ಬೇಗ ಮನೆಗೆ ಬರಬಹುದಲ್ಲ ಎಂಬರ್ಥದ ಮಾತು ಅವಳದು. ನವದಂಪತಿಯ ಹಣಕಾಸಿನ ಬಗ್ಗೆ ತೆರೆಯ ಮೇಲೆ ಇದಕ್ಕಿಂತ ಜಾಣ ಲೆಕ್ಕ ಯಾರೂ ಹೇಳಿಲ್ಲ. ಕನ್ನಡದವರಿಗೆ ಇದು ಅಪರಿಚಿತವೂ ಅಲ್ಲ. ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಗಂಡ ಮಾರಯ್ಯನನ್ನು ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮ ಹನ್ನೆರಡನೆಯ ಶತಮಾನದವಳು. ಜತ್ತದ ಗುಡ್ಡಾಪುರದ ದಾನಮ್ಮನೂ ಅದೇ ಕಾಲದ ಶರಣೆ. ಇದೇ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮನಿಗೆ ಅವಳ ದಾಸೋಹ ಕಂಡು ದಾನಮ್ಮನೆಂಬ ಹೆಸರು ಬಂತೆಂದು ಪ್ರತೀತಿ. ಎರಡು ರಾಜ್ಯದ ಜನ ಅವಳ ಗುಡಿಗೆ ನಡೆದುಕೊಳ್ಳುತ್ತಾರೆ. ಗಂಡ ಹೆಂಡತಿ ಕೂಡಿ ದುಡಿದು ಕೂಡಿ ಹಂಚಿದ್ದೇ ಈ ಶರಣ ದಂಪತಿಗಳ ಕತೆಯ ತಿರುಳು.

ಕನ್ನಡ ಸಿನಿಮಾದಲ್ಲಿ ಅಜ್ಜನನ್ನೂ ಶಿಷ್ಯನನ್ನೂ ನಂಬದೆ ನವದಂಪತಿಯನ್ನು ನೋಡಿದವರು ಗಿರೀಶ ಕಾಸರವಳ್ಳಿ. 1990ರ ಆಸುಪಾಸಿನ ಅವರ ‘ಮನೆ’ಯಲ್ಲಿ ನಾಸಿರುದ್ದೀನ್ ಶಾ, ದೀಪ್ತಿ ನವಲ್ ಹಳ್ಳಿಯ ಕೂಡುಕುಟುಂಬ ಬಿಟ್ಟು ನಗರಕ್ಕೆ ಬರುವ ಗಂಡ ಹೆಂಡತಿ. ತಮ್ಮದೇ ಒಂದು ಕೋಣೆ, ತಮ್ಮದೇ ಒಂದು ಮಂಚ, ಅವರಿಗೆ ಬೇಕಾದದ್ದು ಇಷ್ಟೇ. ಪಕ್ಕದ ಶೆಡ್ಡಿನ ಲೋಹ ಬಡಿಯುವ ಸದ್ದು ಅಷ್ಟಕ್ಕೂ ಬಿಡುವುದಿಲ್ಲ. ಸದ್ದು ನಿಲ್ಲಿಸಲು ದೊಡ್ಡವರ ವಶೀಲಿ ಹಿಡಿದರೆ ಆ ವಶೀಲಿಯೇ ಸಂಸಾರದೊಳಗೆ ಕಾಲಿಡುತ್ತದೆ. ‘ಸಂಸಾರ ನೌಕೆ’ಯಲ್ಲಿ ದೊಡ್ಡ ಮನುಷ್ಯನ ಕೃಪೆ ಬದುಕಿಸಿತು, ‘ಮನೆ’ಯಲ್ಲಿ ಅದು ಮನಸ್ಸುಗಳನ್ನು ಬೇರೆ ಮಾಡಿತು. ಐವತ್ತು ಚಿಲ್ಲರೆ ವರ್ಷಗಳಲ್ಲಿ ನಮ್ಮ ಸಿನಿಮಾ ಕಲಿತ ದೊಡ್ಡ ಪಾಠಗಳಲ್ಲಿ ಇದೂ ಒಂದು. ಪರಭಾಷೆಯ ತಾರೆಯರ ಮುಖ ನೋಡಿ ಇದನ್ನು ಕನ್ನಡ ಚಿತ್ರವೆಂದೇ ಮರೆತವರು ಇನ್ನೊಮ್ಮೆ ನೋಡಬೇಕು.

ಆದರೆ ಸುಂದರ, ಅಪು, ಜಾನ್, ಕಾಸರವಳ್ಳಿಯ ಗಂಡ, ಎಲ್ಲರೂ ನೌಕರಿಯ ಜನ. ಅವರ ಬಡತನಕ್ಕೆ ಒಂದು ಕೋಣೆಯಾದರೂ ಇದೆ. ಜತ್ತದ ಪೂರ್ವ ಭಾಗದ ಎಷ್ಟೋ ನವದಂಪತಿಗಳ ಮೊದಲ ಮನೆ ಕಬ್ಬಿನ ಗದ್ದೆಯ ಬದಿಯ ಗುಡಿಸಲು.

ಇಲ್ಲಿ ಮಳೆ ಕಡಿಮೆ. ಜೋಳ, ಸಜ್ಜೆ, ಕೊಳವೆಬಾವಿ ಕೈಹಿಡಿದಲ್ಲಿ ದಾಳಿಂಬೆ, ದ್ರಾಕ್ಷಿ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಎತ್ತಿ ತರುವ ಯೋಜನೆ ಪೂರ್ವದ ಹಳ್ಳಿಗಳನ್ನು ಮುಟ್ಟದೆ ಬಹಳ ವರ್ಷ ಕಾಯಿಸಿತು. 2012ರ ಬರದಲ್ಲಿ ಸುಮಾರು 40 ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದು ನೀರಿನ ಸಿಟ್ಟಿಗೆ. 2022ರಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಆ ಠರಾವನ್ನು ನೆನಪಿಸಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವೆದ್ದಿತು. ಗದ್ದಲದಲ್ಲಿ ಭಾಷೆಯ ಮಾತು ಬಹಳ ಬಂತು, ದುಡಿಮೆಯ ಮಾತು ಬರಲಿಲ್ಲ. ನೀರಿಲ್ಲದ ಹೊಲದ ಜನ ದಸರೆ ದೀಪಾವಳಿಯ ಹೊತ್ತಿಗೆ ನೀರಿರುವ ಹೊಲಗಳತ್ತ ಗಂಟುಮೂಟೆ ಕಟ್ಟುತ್ತಾರೆ, ಕಬ್ಬು ಕಡಿಯಲು.

ಈ ದಂಧೆಯ ಲೆಕ್ಕ ಹೊರಗಿನವರಿಗೆ ವಿಚಿತ್ರ. ಕೂಲಿಯ ಘಟಕ ಒಬ್ಬ ಮನುಷ್ಯನಲ್ಲ, ಗಂಡ ಹೆಂಡತಿಯ ಜೋಡಿ. ಕಬ್ಬು ಕಡಿಯುವ ಕತ್ತಿಯ ಹೆಸರಿನಿಂದಲೇ ಆ ಜೋಡಿಗೆ ‘ಕೋಯ್ತಾ’ ಎನ್ನುತ್ತಾರೆ. ಒಂಟಿಯಾಗಿ ಬಂದವನು ಅರ್ಧ ಕೋಯ್ತಾ, ಅವನಿಗೆ ಸಿಗುವ ಮುಂಗಡವೂ ಅರ್ಧ. ಆ ಮುಂಗಡವೇ ‘ಉಚಲ್’. ಹಂಗಾಮಿಗೆ ಮುಂಚೆಯೇ ಮುಕಾದಮ, ಅಂದರೆ ಕೂಲಿಯಾಳುಗಳನ್ನು ಒದಗಿಸುವ ಗುತ್ತಿಗೆದಾರ, ಅದನ್ನು ಕೈಗಿಡುತ್ತಾನೆ, ಆಮೇಲೆ ಐದಾರು ತಿಂಗಳ ದುಡಿಮೆಯಲ್ಲಿ ಅದು ವಜಾ ಆಗಬೇಕು. ಮದುವೆಯಾದರೆ ಪೂರ್ತಿ ಕೋಯ್ತಾ ಆಗುತ್ತದೆಂಬ ಕಾರಣಕ್ಕೆ ಹುಡುಗ ಹುಡುಗಿಯರಿಗೆ ಬೇಗ ಲಗ್ನ ಮಾಡುವುದು ಮಹಾರಾಷ್ಟ್ರದ ಕಬ್ಬು ಕಡಿಯುವವರ ನಡುವೆ ಬಹುಕಾಲದ ಪಿಡುಗು. ಲಗ್ನದ ಖರ್ಚಿಗೇ ಉಚಲ್ ಎತ್ತುವುದೂ ಉಂಟು. ಸುಂದರ ಮದುವೆಯಾದ ಮೇಲೆ ದುಡ್ಡಿಗೆ ಅಲೆದ. ಇಲ್ಲಿ ದುಡ್ಡಿಗಾಗಿಯೇ ಮದುವೆಯ ತಾರೀಕು ಹಿಂದಕ್ಕೆ ಮುಂದಕ್ಕೆ ಸರಿಯುತ್ತದೆ.

ಅಂಕಿ ಇಟ್ಟು ನೋಡೋಣ. 2024ರ ಜನವರಿಯಲ್ಲಿ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಸಂಘ ಮತ್ತು ಕಾರ್ಮಿಕ ಸಂಘಟನೆಗಳ ನಡುವೆ ಒಪ್ಪಂದವಾಗಿ ಕಡಿಯುವ ದರ ಶೇ. 34ರಷ್ಟು ಏರಿತು, ಟನ್ನಿಗೆ 366 ರೂಪಾಯಿಯಾಯಿತು. ಒಂದು ಜೋಡಿ ದಿನಕ್ಕೆ ಎರಡು ಟನ್ ಕಡಿಯಿತೆನ್ನಿ, 732 ರೂಪಾಯಿ, ಇಬ್ಬರಿಗೂ ಸೇರಿ. ಒಂದು ಲಕ್ಷ ಉಚಲ್ ಎತ್ತಿದ್ದರೆ ಅದು ತೀರಲು ಒಂದು ದಿನವೂ ಬಿಡುವಿಲ್ಲದೆ 137 ದಿನ ಬೇಕು. ವಾರದ ಸಂತೆಗೆ, ಔಷಧಕ್ಕೆ ತೆಗೆದುಕೊಂಡದ್ದು ಬೇರೆ. ಜ್ವರ ಬಂದು ಮಲಗಿದ ದಿನ, ಮುಟ್ಟಿನ ನೋವಿನ ದಿನ, ಬಸುರಿಯ ತಿಂಗಳುಗಳು, ಇವೆಲ್ಲ ಬಾಕಿಯ ಖಾತೆಗೆ. ಹಂಗಾಮು ಮುಗಿದರೂ ಬಾಕಿ ಉಳಿದರೆ ಮುಂದಿನ ದಸರೆಗೆ ಅದೇ ಮುಕಾದಮನ ಲಾರಿ ಹತ್ತಬೇಕು. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಹಗಲೆಲ್ಲ ಕಬ್ಬು ಕಟ್ಟಿ ಹೊರೆ ಹೊತ್ತು, ಸಂಜೆ ಮತ್ತೆ ಒಲೆ ಊದುವ ಹೆಂಡತಿಯ ಹೆಸರಿಗೆ ಪ್ರತ್ಯೇಕ ಕೂಲಿಯ ಕಲಮೇ ಇಲ್ಲ. ಜೋಡಿಯ ದುಡ್ಡು ಸಾಮಾನ್ಯವಾಗಿ ಗಂಡನ ಕೈಗೆ ಹೋಗುತ್ತದೆ. ಕೆಲಸ ತಪ್ಪಿದರೆ ದಂಡ ಬೀಳುತ್ತದೆಂಬ ಭಯಕ್ಕೆ ಗರ್ಭಕೋಶವನ್ನೇ ತೆಗೆಸಿಕೊಂಡ ಹೆಣ್ಣುಮಕ್ಕಳ ಸುದ್ದಿ 2019ರಲ್ಲಿ ಬೀಡ ಜಿಲ್ಲೆಯಿಂದ ಹೊರಬಿದ್ದಾಗ ಸರ್ಕಾರ ಸಮಿತಿ ನೇಮಿಸಬೇಕಾಯಿತು.

ಇಷ್ಟಾಗಿಯೂ ಗುಡಿಸಲಿನೊಳಗೆ ಪ್ರೀತಿ ಇರುತ್ತದೆ. ಲಗ್ನದ ಹಸಿರು ಬಳೆ ಮಾಸುವ ಮುನ್ನವೇ ಕೋಯ್ತಾ ಹಿಡಿದವಳಿಗೂ ಗಂಡನ ಮೇಲೆ ಮುನಿಸು, ಸಲಿಗೆ, ಸಂತೆಯ ದಿನ ಒಂದು ಜೊತೆ ಕಿವಿಯೋಲೆಯ ಆಸೆ ಎಲ್ಲ ಇರುತ್ತದೆ. ಪ್ರೇಮಕತೆಗೆ ಬೇಕಾದ ಸಾಮಗ್ರಿ ಇದಲ್ಲದೆ ಇನ್ನೇನು? ನಮ್ಮ ಚಿತ್ರಗಳು ಬಡ ನಾಯಕನನ್ನು ಬಹಳ ಸಲ ತೋರಿಸಿವೆ. ಆದರೆ ದುಡಿಮೆಯ ಹೊತ್ತಿನಲ್ಲಿ ಅವನಿಗೂ ಅವನ ಹೆಂಡತಿಗೂ ನಡುವೆ ಏನು ನಡೆಯುತ್ತದೆಂದು ನೋಡುವ ತಾಳ್ಮೆ ಕ್ಯಾಮೆರಾಕ್ಕೆ ಕಡಿಮೆ. ಹಾಡಿಗೆ ಊಟಿ, ದುಃಖಕ್ಕೆ ಆಸ್ಪತ್ರೆ, ಕೊನೆಗೆ ಆಸ್ತಿಪತ್ರ ಎಂಬ ರೂಢಿ ಬಿಟ್ಟು ಹೊರಬರುವವರು ಬೆರಳೆಣಿಕೆ.

‘ಸಂಸಾರ ನೌಕೆ’ಗೆ 2036ರಲ್ಲಿ ನೂರು ವರ್ಷ. ಅಕಾಡೆಮಿಗಳು ಸಮಾರಂಭ ಮಾಡುತ್ತವೆ, ಸ್ಮರಣ ಸಂಚಿಕೆ ತರುತ್ತವೆ, ಒಳ್ಳೆಯದೇ. ಅದಕ್ಕೂ ಮುಂಚೆ ಯಾರಾದರೂ ಕನ್ನಡದ ತರುಣ ನಿರ್ದೇಶಕರು ಒಂದು ಹಂಗಾಮು ಉಮದಿ, ಸಂಖದಿಂದ ಹೊರಡುವ ಲಾರಿಗಳ ಹಿಂದೆ ಕೃಷ್ಣೆಯ ದಂಡೆಗೆ ಹೋಗಿಬರಲಿ. ಸಂಭಾಷಣೆ ಆ ಸೀಮೆಯ ಕನ್ನಡದಲ್ಲೇ ಇರಲಿ, ಮರಾಠಿ ಬೆರೆತರೆ ಬೆರೆಯಲಿ. ಒಂದೇ ವಿನಂತಿ: ಕೊನೆಯ ರೀಲಿನಲ್ಲಿ ಉಚಲ್ ತೀರಿಸಲು ಶ್ರೀಮಂತ ಅಜ್ಜನನ್ನು ಮಾತ್ರ ಕರೆತರಬೇಡಿ.